ವ್ಯಾನ್ ಕೇರ್ನ್ಸ್‌ನಲ್ಲಿ, ನಂಬರ್ ಪ್ಲೇಟ್ ಸಿಡ್ನಿಯದ್ದು: ಎಲ್ಲಿ ಮಾರಬೇಕು, ಯಾವಾಗ ಮಾರಬೇಕು?

ಪ್ರಶ್ನೆ: ನಾನು ಹಾಸನದವಳು, ವಯಸ್ಸು 27. ವರ್ಕ್ ಅಂಡ್ ಹಾಲಿಡೇ ವೀಸಾದಲ್ಲಿ ಆಸ್ಟ್ರೇಲಿಯಾಕ್ಕೆ ಬಂದು ಹನ್ನೊಂದು ತಿಂಗಳಾಗುತ್ತಾ ಬಂತು. ಬಂದ ಹೊಸದರಲ್ಲಿ ನಾನು, ನನ್ನ ಗೆಳತಿ ಸೇರಿ ಸಿಡ್ನಿಯಲ್ಲಿ ಒಬ್ಬ ಜರ್ಮನ್ ದಂಪತಿಯಿಂದ 2003ರ ಟೊಯೋಟಾ ಹಯೇಸ್ ವ್ಯಾನ್ ತಗೊಂಡೆವು. ಪೆಟ್ರೋಲ್ ಗಾಡಿ. ಒಳಗೆ ಹಾಸಿಗೆ, ಒಲೆ, ಚಿಕ್ಕ ಫ್ರಿಜ್ ಎಲ್ಲಾ ಇದೆ. 9,500 ಡಾಲರ್ ಕೊಟ್ಟಿದ್ದೆವು. ಗೆಳತಿ ಜುಲೈನಲ್ಲೇ ಊರಿಗೆ ಹೋದಳು, ಗಾಡಿ ನನ್ನ ಹೆಸರಲ್ಲಿದೆ. ನಾನೀಗ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇರ್ನ್ಸ್‌ನಲ್ಲಿದ್ದೇನೆ. ಅಕ್ಟೋಬರ್ ಮೊದಲ ವಾರದ ಕೊನೆಗೆ ಸಿಡ್ನಿಯಿಂದ ಬೆಂಗಳೂರಿಗೆ ಟಿಕೆಟ್ ಆಗಿದೆ, ಅಂದರೆ ಇನ್ನು ಐದೂವರೆ ವಾರ. ರೆಜೋ, ಅಂದರೆ ಗಾಡಿಯ ನೋಂದಣಿ, ಮುಗಿಯುವುದು ಅಕ್ಟೋಬರ್ 20ಕ್ಕೆ. ಹಾಸ್ಟೆಲ್‌ನಲ್ಲಿ ಎಲ್ಲರೂ "ಇಲ್ಲೇ ಮಾರಿಬಿಡು, ಇಲ್ಲಿ ಬ್ಯಾಕ್‌ಪ್ಯಾಕರ್‌ಗಳು ತುಂಬಾ" ಅಂತಾರೆ. ಮೆಲ್ಬರ್ನ್‌ನಲ್ಲಿರುವ ಚಿಕ್ಕಪ್ಪನ ಮಗ "ಸಹಿ ಹಾಕಿ ನನ್ನ ಕೈಗೆ ಕೊಟ್ಟು ಹೋಗು, ನಿಧಾನಕ್ಕೆ ಮಾರಿ ದುಡ್ಡು ಕಳಿಸ್ತೀನಿ" ಅಂತಾನೆ. ಎಂಜಿನ್ ಕೆಳಗೆ ಸ್ವಲ್ಪ ಆಯಿಲ್ ಜಿನುಗುತ್ತೆ. ಅದನ್ನು ಹೇಳಬೇಕಾ, ತೊಳೆಸಿ ಸುಮ್ಮನಿರಬೇಕಾ? ಒಬ್ಬರು ಗಾಡಿ ನೋಡದೇ ಪೇಐಡಿಯಲ್ಲಿ (ಇಲ್ಲಿಯ ಯುಪಿಐ ಥರ) ಪೂರ್ತಿ ದುಡ್ಡು ಹಾಕ್ತೀನಿ ಅಂತ ಮೆಸೇಜ್ ಮಾಡಿದ್ದಾರೆ. ನಂಬಬಹುದಾ? ನನ್ನ ಉಳಿತಾಯದಲ್ಲಿ ಅರ್ಧ ಈ ವ್ಯಾನಿನಲ್ಲೇ ಇದೆ. ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ಮೊದಲು ಒಂದು ಮಾತು. ಐದೂವರೆ ವಾರ ಇರುವಾಗಲೇ ಕೇಳಿದ್ದೀರಿ, ಅದೇ ದೊಡ್ಡದು. ನಾನು ಸಿಡ್ನಿಯ ಪಶ್ಚಿಮ ಭಾಗದಲ್ಲಿ ಹದಿನೇಳು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ನನ್ನ ಹತ್ತಿರ ವ್ಯಾನ್ ತರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬರುವುದು ವಿಮಾನಕ್ಕೆ ನಾಲ್ಕೈದು ದಿನ ಇರುವಾಗ. ಆಗ ನಾನು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಗಾಡಿ ಚೆನ್ನಾಗಿರುತ್ತದೆ, ಆದರೆ ಮಾರುವವರ ಮುಖ ನೋಡಿದರೇ ಗಿರಾಕಿಗೆ ಗೊತ್ತಾಗುತ್ತದೆ, ಇವರಿಗೆ ಅರ್ಜೆಂಟ್ ಅಂತ. ಬೆಲೆ ಬೀಳುವುದು ಅಲ್ಲೇ.

ನಿಮ್ಮ ಚಿಂತೆ ನನಗೆ ಅರ್ಥವಾಗಿದ್ದು ಹೀಗೆ. ಗಾಡಿ ಒಂದು ಕಡೆ ಇದೆ, ಕಾಗದ ಇನ್ನೊಂದು ಕಡೆಯದ್ದು, ಸಹಾಯ ಮಾಡುವವರು ಮೂರನೇ ಕಡೆ. ಮೂವರೂ ಮೂರು ರಾಜ್ಯ. ಇದನ್ನು ಒಂದೇ ಊರಿಗೆ ತಂದರೆ ಅರ್ಧ ತಲೆನೋವು ಹೋಗುತ್ತದೆ. ಆ ಊರು ಸಿಡ್ನಿ.

ಯಾಕೆ ಅಂತ ಹೇಳುತ್ತೇನೆ. ಹಾಸನದಲ್ಲಿ ನೋಂದಣಿಯಾದ ಕಾರನ್ನು ಕಾಸರಗೋಡಿನಲ್ಲಿ ನಿಂತು ಮಾರಲು ಹೋದರೆ ಏನಾಗುತ್ತದೆ? ತಗೊಳ್ಳುವವರು ಮೊದಲು ಕೇಳುವುದು ಎನ್‌ಒಸಿ. ಆಮೇಲೆ ಅಲ್ಲಿಯ ಟ್ಯಾಕ್ಸ್, ಅಲ್ಲಿಯ ಆರ್‌ಟಿಒ, ಹೊಸ ನಂಬರ್. ಅಷ್ಟೆಲ್ಲಾ ಓಡಾಡುವ ಬದಲು ಪಕ್ಕದ ಕೇರಳ ನಂಬರಿನ ಗಾಡಿಯನ್ನೇ ತಗೊಳ್ಳುತ್ತಾರೆ, ಅಥವಾ ನಿಮ್ಮ ಬೆಲೆಯನ್ನು ಚೆನ್ನಾಗಿ ಇಳಿಸುತ್ತಾರೆ. ಆಸ್ಟ್ರೇಲಿಯಾದಲ್ಲೂ ಕಥೆ ಅದೇ. ನೋಂದಣಿ, ಅಂದರೆ ಇಲ್ಲಿಯವರ ಬಾಯಲ್ಲಿ ರೆಜೋ, ರಾಜ್ಯದ ವಿಷಯ. ನಿಮ್ಮದು ನ್ಯೂ ಸೌತ್ ವೇಲ್ಸ್, ಅಂದರೆ ಸಿಡ್ನಿ ಇರುವ ರಾಜ್ಯದ ರೆಜೋ. ಆ ರಾಜ್ಯದಲ್ಲಿ ವಿಳಾಸ ಇರುವವರು ತಗೊಂಡರೆ ಹೆಸರು ಬದಲಾವಣೆ ಸಲೀಸು: ನೀವು ರಿಜಿಸ್ಟ್ರೇಷನ್ ಪತ್ರದಲ್ಲಿ ಸಹಿ ಮಾಡಿ ಕೊಡುತ್ತೀರಿ, ಅವರು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ, ಸ್ಟ್ಯಾಂಪ್ ಡ್ಯೂಟಿ ಅವರೇ ಕಟ್ಟುತ್ತಾರೆ. ಉಳಿದ ರೆಜೋ ಗಾಡಿಯ ಜೊತೆಗೇ ಹೋಗುತ್ತದೆ.

ಅದೇ ಗಾಡಿಯನ್ನು ಕೇರ್ನ್ಸ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನವರು ತಗೊಂಡರೆ ಅಲ್ಲಿ ಹೊಸದಾಗಿ ರೆಜೋ ಮಾಡಿಸಬೇಕು. ಅದಕ್ಕೆ ಅಲ್ಲಿಯ ಸೇಫ್ಟಿ ಸರ್ಟಿಫಿಕೇಟ್ ಬೇಕು. ಒಳಗೆ ಗ್ಯಾಸ್ ಒಲೆಯನ್ನು ಪೈಪ್ ಹಾಕಿ ಕೂರಿಸಿದ್ದರೆ ಗ್ಯಾಸ್ ಸರ್ಟಿಫಿಕೇಟ್ ಬೇರೆ. ಸೀಟ್ ತೆಗೆದು ಹಾಸಿಗೆ ಹಾಕಿದ್ದರೆ ಆ ಬದಲಾವಣೆಗೆ ಅನುಮತಿ ಇದೆಯಾ ಅಂತ ಕೇಳುತ್ತಾರೆ. ಇಪ್ಪತ್ತು ವರ್ಷ ದಾಟಿದ ವ್ಯಾನ್ ಈ ತಪಾಸಣೆಗೆ ಹೋದರೆ ಏನೋ ಒಂದು ಹೊರಗೆ ಬರುತ್ತದೆ. ತಗೊಳ್ಳುವವರಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಅವರು 1,500ರಿಂದ 2,000 ಡಾಲರ್ ಇಳಿಸಿಯೇ ಮಾತು ಶುರು ಮಾಡುತ್ತಾರೆ. ಅದು ಅವರ ತಪ್ಪಲ್ಲ.

ಕೇರ್ನ್ಸ್‌ನಲ್ಲಿ ಬ್ಯಾಕ್‌ಪ್ಯಾಕರ್‌ಗಳು ತುಂಬಾ ಅನ್ನುವುದು ನಿಜವೇ. ಆದರೆ ಹಾಸ್ಟೆಲ್‌ನ ಪಾರ್ಕಿಂಗಿಗೆ ಒಮ್ಮೆ ಹೋಗಿ ಎಣಿಸಿ ನೋಡಿ. ಎಷ್ಟು ವ್ಯಾನಿನ ಕಿಟಕಿಯಲ್ಲಿ "ಮಾರಾಟಕ್ಕಿದೆ" ಅಂತ ಕಾಗದ ಅಂಟಿಸಿದ್ದಾರೆ? ಸಿಡ್ನಿಯಲ್ಲಿ ಇಳಿದು ಪೂರ್ವ ಕರಾವಳಿ ಹಿಡಿದು ಉತ್ತರಕ್ಕೆ ಹೋಗುವವರ ಪ್ರವಾಸ ಮುಗಿಯುವುದೇ ಕೇರ್ನ್ಸ್‌ನಲ್ಲಿ. ಅಲ್ಲಿ ಮಾರುವವರು ಜಾಸ್ತಿ. ನವೆಂಬರ್ ಹತ್ತಿರ ಬಂತು ಅಂದರೆ ಅಲ್ಲಿ ಮಳೆಗಾಲದ ಮಾತು ಶುರು, ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ಸಿಡ್ನಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ವಸಂತ. ಹೊಸಬರು ಬಂದು ಇಳಿಯುವ ಸಮಯ. ಅವರಿಗೆ ಬೇಸಿಗೆ ಮುಂದಿದೆ, ವ್ಯಾನ್ ಬೇಕು, ನೋಂದಣಿಯೂ ಅಲ್ಲಿಯದೇ ಇದ್ದರೆ ಇನ್ನೂ ಒಳ್ಳೆಯದು. ಹೇಗೂ ನಿಮ್ಮ ವಿಮಾನ ಸಿಡ್ನಿಯಿಂದಲೇ. ಕೇರ್ನ್ಸ್‌ನಿಂದ ಸಿಡ್ನಿಗೆ ಸುಮಾರು 2,400 ಕಿಲೋಮೀಟರ್. ಹಯೇಸ್ ಕುಡಿಯುವ ಪೆಟ್ರೋಲ್ ಲೆಕ್ಕ ಹಾಕಿದರೆ ಐನೂರು ಆರುನೂರು ಡಾಲರ್ ಆಗಬಹುದು. ಕೇರ್ನ್ಸ್‌ನಲ್ಲಿ ಮಾರಿದರೂ ಸಿಡ್ನಿಗೆ ವಿಮಾನವೋ ಬಸ್ಸೋ ಹಿಡಿಯಲೇಬೇಕಲ್ವಾ? ಹಾಗಾಗಿ ಆ ಖರ್ಚನ್ನು ಪೂರ್ತಿ ನಷ್ಟ ಅಂತ ಎಣಿಸಬೇಡಿ.

ಒಂದು ಎಚ್ಚರಿಕೆ ಮಾತ್ರ. ಹಳೆಯ ಗಾಡಿ, 2,400 ಕಿಲೋಮೀಟರ್. ಹೊರಡುವ ಮೊದಲು ಆಯಿಲ್, ಕೂಲೆಂಟ್, ಟೈರ್ ನೋಡಿಸಿ. ಕತ್ತಲಾದ ಮೇಲೆ ಓಡಿಸಬೇಡಿ. ಮುಸ್ಸಂಜೆ ಹೊತ್ತಿಗೆ ಕಾಂಗರೂ ರಸ್ತೆಗೆ ಬರುತ್ತವೆ. ಮಾರುವ ಮೂರು ವಾರ ಮುಂಚೆ ಬಾನೆಟ್ಟಿಗೆ ಪೆಟ್ಟು ಬಿದ್ದು ನನ್ನ ಗ್ಯಾರೇಜಿಗೆ ಬಂದ ವ್ಯಾನ್‌ಗಳು ಒಂದೆರಡಲ್ಲ.

ಇನ್ನು ರೆಜೋ. ಅಕ್ಟೋಬರ್ 20ಕ್ಕೆ ಮುಗಿಯುತ್ತದೆ ಅಂದಿರಿ. "ತಗೊಂಡವರೇ ಕಟ್ಟಿಕೊಳ್ಳಲಿ, ನಾನ್ಯಾಕೆ ಖರ್ಚು ಮಾಡಲಿ" ಅಂತ ಅನಿಸುವುದು ಸಹಜ. ನನ್ನ ಅನುಭವದಲ್ಲಿ ಇದೇ ಅತಿ ದುಬಾರಿ ಉಳಿತಾಯ. ಎರಡು ವಾರ ರೆಜೋ ಉಳಿದ ಗಾಡಿಯನ್ನು ನೋಡಿದವರು ಯೋಚಿಸುವುದು ರೆಜೋ ಫೀಸಿನ ಬಗ್ಗೆ ಅಲ್ಲ. "ಇದು ಪಿಂಕ್ ಸ್ಲಿಪ್ ಪಾಸಾಗುತ್ತಾ?" ಅನ್ನುವ ಬಗ್ಗೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಸುರಕ್ಷತಾ ತಪಾಸಣೆ ಆಗಬೇಕು. ಅದರ ಹೆಸರೇ ಪಿಂಕ್ ಸ್ಲಿಪ್. ಹೆಸರು ಬದಲಾವಣೆಗೆ ಅದು ಕಡ್ಡಾಯವಲ್ಲ, ಆದರೆ ರೆಜೋ ಮುಂದುವರಿಸಲು ಬೇಕೇ ಬೇಕು. ನೀವೇ ಮಾಡಿಸಿ ಕೈಯಲ್ಲಿ ಇಟ್ಟುಕೊಂಡರೆ ಆ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಹಾಗಾಗಿ ಸಿಡ್ನಿಗೆ ಬಂದ ಮೊದಲ ವಾರದಲ್ಲೇ ಪಿಂಕ್ ಸ್ಲಿಪ್ ಮಾಡಿಸಿ. ಫೇಲಾದರೆ ರಿಪೇರಿಗೆ ಸಮಯ ಇರುತ್ತದೆ. ಪಾಸಾದರೆ ಗ್ರೀನ್ ಸ್ಲಿಪ್ ತಗೊಂಡು, ಅಂದರೆ ಕಡ್ಡಾಯ ಸಿಟಿಪಿ ವಿಮೆ ಮಾಡಿಸಿ, ರೆಜೋ ಕಟ್ಟಿ. ಪೂರ್ತಿ ವರ್ಷಕ್ಕೆ ಕಟ್ಟಬೇಕಿಲ್ಲ, ಆರು ತಿಂಗಳು ಸಾಕು. ಹೊಸದಾಗಿ ಬಂದವರಿಗೆ ಆರು ತಿಂಗಳು ನಿಶ್ಚಿಂತೆಯಿಂದ ಓಡಿಸಬಹುದು ಅಂದರೆ ಅದೇ ದೊಡ್ಡ ಆಕರ್ಷಣೆ.

ತಪಾಸಣೆಯಲ್ಲಿ ಪ್ರವಾಸದ ವ್ಯಾನ್‌ಗಳು ಬೀಳುವುದು ಸಾಮಾನ್ಯವಾಗಿ ಚಿಕ್ಕ ಚಿಕ್ಕ ವಿಷಯಗಳಿಗೆ. ಟೈರಿನ ಗ್ರೂವ್ 1.5 ಮಿಲಿಮೀಟರಿಗಿಂತ ಕಡಿಮೆ. ಡ್ರೈವರ್ ಎದುರಿನ ಗಾಜಿನಲ್ಲಿ ಜಲ್ಲಿಕಲ್ಲು ಬಡಿದ ಬಿರುಕು. ಹಿಂದಿನ ಒಂದು ಬಲ್ಬ್ ಹೋಗಿರುತ್ತದೆ. ಸೀಟ್ ಬೆಲ್ಟಿನ ಅಂಚು ಎಳೆ ಎಳೆಯಾಗಿರುತ್ತದೆ. ಬೆಲ್ಟ್ ಬಗ್ಗೆ ಒಂದು ಸೂಕ್ಷ್ಮ: ಕೆಂಪು ಧೂಳಿನ ರಸ್ತೆಗಳಲ್ಲಿ ಓಡಿದ ಗಾಡಿಯಲ್ಲಿ ಆ ನಯವಾದ ಮಣ್ಣು ಬಕಲಿನ ಒಳಗೆ ಸೇರಿಕೊಂಡು "ಟಿಕ್" ಅಂತ ಕೂರುವುದೇ ಇಲ್ಲ. ಜನ ಬಕಲ್ ಹಾಳಾಯಿತು ಅಂತ ಹೊಸದಕ್ಕೆ ದುಡ್ಡು ಕೊಡುತ್ತಾರೆ. ಮೊದಲು ಗ್ಯಾರೇಜಿನಲ್ಲಿ ಏರ್ ಹೊಡೆಸಿ ನೋಡಿ. ಹತ್ತರಲ್ಲಿ ಏಳೆಂಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪಕ್ಕದ ಸ್ಲೈಡಿಂಗ್ ಬಾಗಿಲಿನ ಹಳಿಯಲ್ಲೂ ಅದೇ ಮಣ್ಣು ಇರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು, ಒರೆಸಿ, ಸ್ವಲ್ಪ ಗ್ರೀಸ್ ಸವರಿ. ಗಾಡಿ ನೋಡಲು ಬಂದವರು ಮೊದಲು ಮುಟ್ಟುವುದೇ ಆ ಬಾಗಿಲನ್ನು. ಅದು ಒಂದೇ ಕೈಯಲ್ಲಿ ಸರ್ರನೆ ಜಾರಿದರೆ ಅವರ ಮನಸ್ಸು ಅರ್ಧ ಒಪ್ಪಿರುತ್ತದೆ.

ಈಗ ಆಯಿಲ್ ಜಿನುಗುವ ವಿಷಯ.

ತೊಳೆಸಿ ಸುಮ್ಮನಿರುವುದು ಬೇಡ. ಸರಿ ತಪ್ಪಿನ ಮಾತು ಆಮೇಲೆ, ಮೊದಲು ವ್ಯಾಪಾರದ ಮಾತು ಹೇಳುತ್ತೇನೆ. ಇಪ್ಪತ್ತು ವರ್ಷದ ಎಂಜಿನ್ ಫಳಫಳ ಹೊಳೆಯುತ್ತಿದ್ದರೆ ತಿಳಿದವರು ಕೇಳುವ ಮೊದಲ ಪ್ರಶ್ನೆ "ಏನು ಮುಚ್ಚಿಡೋಕೆ ತೊಳೆಸಿದ್ದೀರಿ?" ಅಂತ. ಧೂಳು ಹಿಡಿದ, ಒಣಗಿದ ಎಂಜಿನ್‌ಗೆ ಅದಕ್ಕಿಂತ ಜಾಸ್ತಿ ಬೆಲೆ.

ಜಿನುಗುವುದರಲ್ಲೂ ಎರಡು ಥರ ಇದೆ, ಅದು ನಿಮಗೆ ಗೊತ್ತಾಗಬೇಕು. ನಿಮ್ಮ ಹಯೇಸ್‌ನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟ್ ಎತ್ತಿ, ಎಂಜಿನ್ನಿನ ಮೇಲಿನ ಮುಚ್ಚಳದ ಸುತ್ತ ಬೆರಳಾಡಿಸಿ ನೋಡಿ. ಎಂಜಿನ್ ತಣ್ಣಗಿರುವಾಗ ಮಾತ್ರ. ಅಂಚಿನ ಉದ್ದಕ್ಕೂ ಅಂಟು ಅಂಟಾಗಿ, ಅಲ್ಲಿಂದ ಕೆಳಗೆ ಕಪ್ಪು ಗೆರೆ ಇಳಿದಿದ್ದರೆ ಅದು ರಾಕರ್ ಕವರ್ ಗ್ಯಾಸ್ಕೆಟ್. ರಬ್ಬರ್ ಗಟ್ಟಿಯಾಗಿ ಸೀಳಿರುತ್ತದೆ. ಸಣ್ಣ ಕೆಲಸ, ಯಾವ ಮೆಕ್ಯಾನಿಕ್ ಆದರೂ ಎರಡು ಗಂಟೆಯಲ್ಲಿ ಮುಗಿಸುತ್ತಾನೆ. ಮೇಲೆ ಒಣಗಿದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ತೊಟ್ಟಿಕ್ಕುತ್ತಿದ್ದರೆ ಅದು ಹಿಂದಿನ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಜಾಸ್ತಿ. ಅದನ್ನು ಮಾರುವ ಮೊದಲು ಮಾಡಿಸಬೇಡಿ, ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಪರೀಕ್ಷೆ ತುಂಬಾ ಸುಲಭ. ಜಿನುಗುವ ಜಾಗ ಬಟ್ಟೆಯಿಂದ ಒರೆಸಿ, ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಎಷ್ಟು ಹನಿ, ಎಲ್ಲಿ ಬಿದ್ದಿದೆ ನೋಡಿ, ಫೋಟೋ ತೆಗೆದುಕೊಳ್ಳಿ. ಎರಡು ಮೂರು ಹನಿ ಆದರೆ ಹಳೆ ಗಾಡಿಗೆ ಅದು ಮಾಮೂಲು. ಅಂಗೈ ಅಗಲದ ಕಲೆ ಆದರೆ ಪಿಂಕ್ ಸ್ಲಿಪ್‌ನಲ್ಲೂ ತೊಂದರೆ ಆಗಬಹುದು. ಜಾಹೀರಾತಿನಲ್ಲಿ ನೇರವಾಗಿ ಬರೆಯಿರಿ: "ರಾಕರ್ ಕವರ್ ಹತ್ತಿರ ಸಣ್ಣಗೆ ಆಯಿಲ್ ಜಿನುಗುತ್ತದೆ, 5,000 ಕಿಲೋಮೀಟರಿಗೆ ಇಷ್ಟು ಆಯಿಲ್ ಹಾಕಿದ್ದೇನೆ." ಹೇಳಿದ ದೋಷಕ್ಕೆ ಚೌಕಾಸಿ ನೂರು ಇನ್ನೂರರಲ್ಲಿ ನಿಲ್ಲುತ್ತದೆ. ಕೊಳ್ಳಲು ಬಂದವರೇ ಕಂಡುಹಿಡಿದ ದೋಷಕ್ಕೆ ಸಾವಿರ ಇಳಿಸುತ್ತಾರೆ, ಯಾಕೆಂದರೆ ಅವರಿಗೆ ಬೇರೆ ಎಲ್ಲದರ ಮೇಲೂ ಅನುಮಾನ ಬಂದಿರುತ್ತದೆ.

ಕಾನೂನಿನ ಮಾತು ಚಿಕ್ಕದಾಗಿ: ಖಾಸಗಿಯಾಗಿ ಮಾರಿದ ಹಳೆ ಗಾಡಿಗೆ ನೀವು ವಾರಂಟಿ ಕೊಡಬೇಕಿಲ್ಲ, ಇದ್ದ ಹಾಗೆ ಮಾರುವುದು. ಆದರೆ ಗಾಡಿ ನಿಮ್ಮದೇ ಆಗಿರಬೇಕು, ಅದರ ಮೇಲೆ ಹೇಳದ ಸಾಲ ಇರಬಾರದು, ಕೇಳಿದ ಪ್ರಶ್ನೆಗೆ ಸುಳ್ಳು ಹೇಳಬಾರದು. ಸಾಲದ ವಿಷಯಕ್ಕೆ ಪಿಪಿಎಸ್‌ಆರ್ ಅನ್ನುವ ಸರ್ಕಾರಿ ದಾಖಲೆ ಇದೆ. ಎರಡು ಡಾಲರ್ ಕೊಟ್ಟು ಚಾಸಿಸ್ ನಂಬರ್ ಹಾಕಿದರೆ ಗಾಡಿ ಮೇಲೆ ಸಾಲ, ಕಳವು, ಅಪಘಾತದಲ್ಲಿ ರೈಟ್ ಆಫ್ ಆದದ್ದು (ರಿಪೇರಿಗೆ ಲಾಯಕ್ಕಿಲ್ಲ ಅಂತ ಬರೆದುಹಾಕಿದ್ದು) ಎಲ್ಲಾ ಬರುತ್ತದೆ. ನೀವೇ ತೆಗೆಸಿ ಪ್ರಿಂಟ್ ಇಟ್ಟುಕೊಳ್ಳಿ. ಜರ್ಮನ್ ದಂಪತಿಯಿಂದ ತಗೊಳ್ಳುವಾಗ ನೋಡಿದ್ದಿರೋ ಇಲ್ಲವೋ, ಈಗಲಾದರೂ ನೋಡಿ.

ಬೆಲೆ ಎಷ್ಟು ಇಡಬೇಕು? ನೀವು ಕೇಳಿಲ್ಲ, ಆದರೆ ನಿದ್ದೆ ಕೆಡಿಸುತ್ತಿರುವುದು ಅದೇ ಅಂತ ನನಗನಿಸುತ್ತದೆ. 9,500 ಪೂರ್ತಿ ವಾಪಸ್ ಬರುವ ಆಸೆ ಇಟ್ಟುಕೊಳ್ಳಬೇಡಿ. ಪಿಂಕ್ ಸ್ಲಿಪ್, ಆರು ತಿಂಗಳ ರೆಜೋ, ಸರ್ವಿಸ್ ಬಿಲ್‌ಗಳು ಇದ್ದರೆ, ವಸಂತದ ಸಿಡ್ನಿಯಲ್ಲಿ 7,500ರಿಂದ 8,000ಕ್ಕೆ ಹೋಗುವುದು ನನ್ನ ಅಂದಾಜು. ಅದೇ ಗಾಡಿ, ಎರಡು ವಾರದ ರೆಜೋ, ವಿಮಾನಕ್ಕೆ ಮೂರು ದಿನ ಅಂದರೆ 5,000 ಸಿಕ್ಕರೂ ಪುಣ್ಯ. ವ್ಯತ್ಯಾಸ ಗಾಡಿಯಲ್ಲಿ ಇಲ್ಲ, ನೋಡಿದಿರಾ? ಗಂಪ್‌ಟ್ರೀ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕಾರ್‌ಸೇಲ್ಸ್ ಅನ್ನುವ ಜಾಹೀರಾತು ವೆಬ್‌ಸೈಟ್‌ಗಳಲ್ಲಿ ಇದೇ ವರ್ಷದ, ಹತ್ತಿರಹತ್ತಿರ ಇಷ್ಟೇ ಕಿಲೋಮೀಟರ್ ಓಡಿದ ವ್ಯಾನ್‌ಗಳನ್ನು ಇವತ್ತಿನಿಂದಲೇ ಗುರುತು ಹಾಕಿಕೊಳ್ಳಿ. ಎರಡು ವಾರದಲ್ಲಿ ಯಾವುದು ಮಾಯವಾಯಿತು, ಯಾವುದು ಅಲ್ಲೇ ಕೂತಿದೆ ನೋಡಿ. ಮಾಯವಾದವುಗಳ ಬೆಲೆಯೇ ನಿಜವಾದ ಬೆಲೆ.

ಇನ್ನೊಂದು ವಿಷಯ, ಪ್ರವಾಸಿಗರು ಯಾವಾಗಲೂ ಮರೆಯುವುದು. ಹಯೇಸ್ ಬರೀ ಬ್ಯಾಕ್‌ಪ್ಯಾಕರ್‌ಗಳ ಗಾಡಿ ಅಲ್ಲ. ಇಲ್ಲಿಯ ಪ್ಲಂಬರ್, ಟೈಲ್ಸ್ ಹಾಕುವವರು, ಪಾರ್ಸೆಲ್ ಹಂಚುವವರು ಎಲ್ಲರಿಗೂ ಇದು ಬೇಕು. ನಿಮ್ಮ ಗಾಡಿಯ ಪೆಟ್ರೋಲ್ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಇರುತ್ತದೆ, ಬೆಲ್ಟ್ ಅಲ್ಲ. ಹಾಗಾಗಿ ಬೆಲ್ಟ್ ಬದಲಿಸುವ ದೊಡ್ಡ ಖರ್ಚಿನ ಭಯ ಇಲ್ಲ. ಇದನ್ನು ಜಾಹೀರಾತಿನಲ್ಲಿ ಬರೆಯಿರಿ, ಕೆಲಸದವರು ಅದನ್ನು ನೋಡಿಯೇ ಫೋನ್ ಮಾಡುತ್ತಾರೆ. ಹಾಸಿಗೆಯ ಮರದ ಚೌಕಟ್ಟು ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಗೆ ಬರುವಂಥದ್ದಾದರೆ ಅದರ ಫೋಟೋ ಹಾಕಿ. ಎರಡು ಜಾಹೀರಾತು ಹಾಕಿ: ಒಂದು ಕ್ಯಾಂಪರ್‌ವ್ಯಾನ್ ಅಂತ, ಒಂದು ಬರೀ ವ್ಯಾನ್ ಅಂತ. ಕೆಲವು ವರ್ಷದ ಹಿಂದೆ ಫ್ರಾನ್ಸಿನ ಇಬ್ಬರು ಹುಡುಗರು ಮೂರು ವಾರ ಕಾದರೂ ಒಂದು ಫೋನ್ ಬಂದಿರಲಿಲ್ಲ. ಹಾಸಿಗೆ ಬಿಚ್ಚಿ ಫೋಟೋ ಹಾಕಿದ ಮಾರನೇ ದಿನ ಒಬ್ಬ ಪೇಂಟರ್ ಬಂದು, ಏಣಿ ಒಳಗೆ ಉದ್ದಕ್ಕೆ ಹಿಡಿಸುತ್ತಾ ಅಂತ ನಮ್ಮ ಗ್ಯಾರೇಜಿನ ಏಣಿಯನ್ನೇ ಇಟ್ಟು ನೋಡಿ, ಅಲ್ಲೇ ದುಡ್ಡು ಕೊಟ್ಟು ತಗೊಂಡು ಹೋದ.

ಪೇಐಡಿ ಮೆಸೇಜ್ ಬಗ್ಗೆ: ಅದಕ್ಕೆ ಉತ್ತರ ಕೊಡಬೇಡಿ. ಪೇಐಡಿ ಒಳ್ಳೆಯ ವ್ಯವಸ್ಥೆ, ನಮ್ಮ ಯುಪಿಐ ಥರ ಫೋನ್ ನಂಬರ್‌ಗೋ ಇಮೇಲ್‌ಗೋ ದುಡ್ಡು ಬರುತ್ತದೆ, ಸಾಮಾನ್ಯವಾಗಿ ಕ್ಷಣದಲ್ಲಿ. ಅದರ ಹೆಸರಿನಲ್ಲಿ ನಡೆಯುವ ಮೋಸ ಬೇರೆ. ಅದರ ರೀತಿ ಯಾವಾಗಲೂ ಒಂದೇ. ಗಾಡಿ ನೋಡದೇ, ಚೌಕಾಸಿ ಮಾಡದೇ ಒಪ್ಪುತ್ತಾರೆ. ತಾನು ದೂರದ ಗಣಿಯಲ್ಲೋ ಹಡಗಿನಲ್ಲೋ ಇದ್ದೇನೆ, ಅಣ್ಣ ಬಂದು ಗಾಡಿ ಒಯ್ಯುತ್ತಾನೆ ಅಂತಾರೆ. ಆಮೇಲೆ ನಿಮಗೆ ಪೇಐಡಿಯಿಂದ ಬಂದ ಹಾಗೆ ಕಾಣುವ ಇಮೇಲ್: "ನಿಮ್ಮ ಖಾತೆಯನ್ನು ಬಿಸಿನೆಸ್ ಖಾತೆಗೆ ಏರಿಸಬೇಕು, 500 ಡಾಲರ್ ಕಟ್ಟಿ, ವಾಪಸ್ ಬರುತ್ತದೆ." ಪೇಐಡಿ ಯಾರಿಗೂ ನೇರವಾಗಿ ಇಮೇಲ್ ಕಳಿಸುವುದಿಲ್ಲ, ಏರಿಸುವ ಶುಲ್ಕ ಅಂತ ಯಾವುದೂ ಇಲ್ಲ. ಅದು ಇರುವುದು ನಿಮ್ಮ ಬ್ಯಾಂಕಿನ ಆ್ಯಪ್ ಒಳಗೆ, ಅಷ್ಟೇ.

ನಿಜವಾದ ಗಿರಾಕಿಯ ದುಡ್ಡೂ ಕೆಲವೊಮ್ಮೆ ತಡವಾಗುತ್ತದೆ. ಹೊಸಬರಿಗೆ ಮೊದಲ ಸಲ ಕಳಿಸಿದ ದುಡ್ಡನ್ನು ಬ್ಯಾಂಕ್ ಒಂದು ದಿನ ತಡೆಹಿಡಿಯುವುದುಂಟು. ಅವರು ತೋರಿಸುವ ಸ್ಕ್ರೀನ್‌ಶಾಟ್ ದುಡ್ಡಲ್ಲ. ನಿಮ್ಮ ಖಾತೆಯಲ್ಲಿ ಅಂಕಿ ಕಾಣುವವರೆಗೆ ಕೀ ನಿಮ್ಮ ಕೈಯಲ್ಲೇ ಇರಲಿ. ಮುಂಗಡ 200 ಡಾಲರ್ ಕೊಟ್ಟು ಮಾರನೇ ದಿನ ಬಾಕಿ ಕೊಡುತ್ತೇನೆ ಅಂದರೆ ಒಪ್ಪಬಹುದು, ಗಾಡಿ ಮಾತ್ರ ಬಾಕಿ ಬಂದ ಮೇಲೆ. ಟೆಸ್ಟ್ ಡ್ರೈವ್‌ಗೆ ಲೈಸೆನ್ಸ್ ನೋಡಿ, ಫೋಟೋ ತೆಗೆದುಕೊಂಡು, ನೀವೂ ಪಕ್ಕದಲ್ಲಿ ಕೂತು ಹೋಗಿ. ಗ್ರೀನ್ ಸ್ಲಿಪ್ ಜನರಿಗೆ ಆದ ಗಾಯಕ್ಕೆ ಮಾತ್ರ, ಗಾಡಿಗಳಿಗೆ ಆದ ನಷ್ಟಕ್ಕಲ್ಲ ಅನ್ನುವುದು ನೆನಪಿರಲಿ. ಒಬ್ಬರೇ ಇದ್ದೀರಿ, ಹಾಗಾಗಿ ಗಾಡಿ ತೋರಿಸುವುದು ಹಗಲು ಹೊತ್ತು, ಜನ ಓಡಾಡುವ ಜಾಗದಲ್ಲಿ ಇರಲಿ. ಜೊತೆಗೆ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ಚಿಕ್ಕಪ್ಪನ ಮಗನ ಮಾತಿಗೆ ಬರೋಣ. ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಅನುಮಾನವಿಲ್ಲ. ಆದರೆ ನಮ್ಮೂರಲ್ಲಿ ಗಾಡಿ ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು, ಎರಡು ವರ್ಷದ ಮೇಲೆ ಪೊಲೀಸರು ಮನೆ ಬಾಗಿಲಿಗೆ ಬಂದ ಕಥೆ ಎಷ್ಟು ಕೇಳಿಲ್ಲ ನಾವು! ಇದೂ ಅದೇ. ಖಾಲಿ ಸಹಿ ಇರುವ ಪತ್ರ ಕೈಯಿಂದ ಕೈಗೆ ಹೋಗುತ್ತದೆ. ಗಾಡಿ ನಿಮ್ಮ ಹೆಸರಲ್ಲಿ ಇರುವವರೆಗೆ ಸ್ಪೀಡಿಂಗ್ ದಂಡ, ಪಾರ್ಕಿಂಗ್ ದಂಡ, ಟೋಲ್ ಎಲ್ಲಾ ನಿಮ್ಮ ಹೆಸರಿಗೇ. ಮುಂದೆ ಮತ್ತೆ ಆಸ್ಟ್ರೇಲಿಯಾ ವೀಸಾ ಹಾಕುವ ಯೋಚನೆ ಇದ್ದರೆ ಇಂಥ ಬಾಕಿ ಉಳಿಸಿ ಹೋಗುವುದು ಬೇಡ. ಮೇಲಾಗಿ ಅವರು ಇರುವುದು ವಿಕ್ಟೋರಿಯಾದಲ್ಲಿ. ಅಲ್ಲಿ ರೆಜೋ ಮಾಡಿಸಲು ಗಾಡಿ ರಸ್ತೆಗೆ ಯೋಗ್ಯ ಅನ್ನುವ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು, ಅದು 30 ದಿನಕ್ಕೆ ಮಾತ್ರ ಚಾಲ್ತಿ. ಮತ್ತೆ ಮೊದಲಿನ ಸಮಸ್ಯೆಗೇ ಬಂದು ನಿಂತೆವು.

ವಿಮಾನದ ಹೊತ್ತಿಗೂ ಗಾಡಿ ಹೋಗಲೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಸಿಡ್ನಿಯಲ್ಲಿರುವ ನಂಬಿಕೆಯವರೊಬ್ಬರ ಹೆಸರಿಗೆ ಕಾನೂನುಬದ್ಧವಾಗಿ ವರ್ಗಾಯಿಸಿ. ಸ್ಟ್ಯಾಂಪ್ ಡ್ಯೂಟಿ ಈ ಬೆಲೆಯ ಗಾಡಿಗೆ ಶೇಕಡಾ 3. ಅಂದರೆ 8,000 ಡಾಲರಿಗೆ 240. ಜೊತೆಗೆ ವರ್ಗಾವಣೆ ಫೀಸ್. ಅದನ್ನು ನೀವೇ ಕೊಡಿ. ಅವರು ತಮ್ಮ ಹೆಸರಿನಿಂದ ನಿಧಾನವಾಗಿ ಮಾರಲಿ. ದುಡ್ಡಿನ ಒಪ್ಪಂದವನ್ನು ಒಂದು ಇಮೇಲ್‌ನಲ್ಲಾದರೂ ಬರೆದಿಡಿ. ನೆಂಟಸ್ತಿಕೆ ಉಳಿಯುವುದೂ ಹಾಗೆಯೇ.

ಬೇರೆ ದಾರಿಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಹಳೆ ಗಾಡಿ ವ್ಯಾಪಾರಿಗಳಿಗೆ ಕೊಟ್ಟರೆ ಒಂದೇ ದಿನದಲ್ಲಿ ಮುಗಿಯುತ್ತದೆ, ಸಿಗುವುದು ಅರ್ಧಕ್ಕಿಂತ ಸ್ವಲ್ಪ ಮೇಲೆ. ಗುಜರಿಗೆ ಹಾಕಿದರೆ ಕೆಲವು ನೂರು ಡಾಲರ್. ಹಾಗೇನಾದರೂ ಆದರೆ ನಂಬರ್ ಪ್ಲೇಟ್ ಬಿಚ್ಚಿ ಒಪ್ಪಿಸಿ ರೆಜೋ ರದ್ದು ಮಾಡಿಸಿ, ಉಳಿದ ತಿಂಗಳ ದುಡ್ಡು ವಾಪಸ್ ಬರುತ್ತದೆ. ವಿಮಾನ ನಿಲ್ದಾಣದ ಹತ್ತಿರ ಯಾವುದೋ ಬೀದಿಯಲ್ಲಿ ಬಿಟ್ಟು ಹೋಗುವುದು ಮಾತ್ರ ಬೇಡವೇ ಬೇಡ. ಹಾಗೆ ಬಿಟ್ಟ ಗಾಡಿಯ ಗಾಜಿಗೆ ಕೌನ್ಸಿಲ್‌ನವರು (ಇಲ್ಲಿಯ ನಗರಸಭೆ) ನೋಟಿಸ್ ಅಂಟಿಸಿದ್ದನ್ನು ನನ್ನ ಗ್ಯಾರೇಜ್ ಇರುವ ಬೀದಿಯಲ್ಲೇ ನೋಡಿದ್ದೇನೆ. ಒಳಗೆ ಹಾಸಿಗೆ ಮೇಲೆ ಮಡಿಸಿಟ್ಟ ಹೊದಿಕೆ ಹಾಗೇ ಇತ್ತು. ಎಷ್ಟು ಆಸೆಯಿಂದ ತಗೊಂಡ ಗಾಡಿಯೋ ಅನಿಸಿ ಸಂಕಟವಾಯಿತು.

ನಿಮ್ಮ ಕ್ಯಾಲೆಂಡರ್ ನಾನು ಹಾಕಿಕೊಡುವುದಾದರೆ: ಈ ವಾರದ ಕೊನೆಗೆ ಕೇರ್ನ್ಸ್ ಬಿಡಿ. ದಾರಿಯಲ್ಲೇ ಒಳ್ಳೆಯ ಬೆಳಕಿರುವ ಸಂಜೆ, ಸಮುದ್ರದ ಪಕ್ಕ ನಿಲ್ಲಿಸಿ ಫೋಟೋ ತೆಗೆಯಿರಿ. ಟೈರ್, ಕಿಲೋಮೀಟರ್ ಮೀಟರ್, ಸರ್ವಿಸ್ ಬಿಲ್, ಹಾಸಿಗೆ ಕೆಳಗಿನ ಜಾಗ, ತುಕ್ಕು ಎಲ್ಲದರದ್ದೂ. ಸೆಪ್ಟೆಂಬರ್ 10ರ ಒಳಗೆ ಸಿಡ್ನಿ. ಮೂರ್ನಾಲ್ಕು ದಿನದಲ್ಲಿ ಪಿಂಕ್ ಸ್ಲಿಪ್, ರೆಜೋ. ಸೆಪ್ಟೆಂಬರ್ ಮಧ್ಯಕ್ಕೆ ಜಾಹೀರಾತು. ಅಕ್ಟೋಬರ್ ಮೊದಲ ಸೋಮವಾರ ಅಲ್ಲಿ ಲೇಬರ್ ಡೇ ರಜೆ. ಆ ಲಾಂಗ್ ವೀಕೆಂಡ್‌ಗೆ ಮುಂಚಿನ ಹತ್ತು ದಿನ ವ್ಯಾನ್ ಹುಡುಕುವವರು ಜಾಸ್ತಿ. ಆಗ ಮಾರುವ ಗುರಿ ಇಟ್ಟುಕೊಳ್ಳಿ.

"ಆಗ ಮಾರಿದರೆ ವಿಮಾನದವರೆಗೆ ಎಲ್ಲಿ ಮಲಗಲಿ?" ಅಂತೀರಿ. ಈ ಪ್ರಶ್ನೆಯಿಂದಲೇ ಎಷ್ಟೋ ಜನ ಕೊನೇ ದಿನದವರೆಗೆ ಕಾಯುತ್ತಾರೆ. ಹಾಸ್ಟೆಲ್‌ಗೆ ರಾತ್ರಿಗೆ 50 ಡಾಲರ್ ಅಂತಲೇ ಇಟ್ಟುಕೊಳ್ಳಿ, ಹತ್ತು ರಾತ್ರಿಗೆ 500. ಕೊನೇ ವಾರದಲ್ಲಿ ಬೆಲೆ ಬೀಳುವುದು ಅದರ ಮೂರು ನಾಲ್ಕು ಪಟ್ಟು. ಸಿಡ್ನಿಯ ಬೀದಿಗಳಲ್ಲಿ ವ್ಯಾನಿನಲ್ಲಿ ಮಲಗಿ ದಂಡ ತೆರುವ ಭಯವೂ ಇರುವುದಿಲ್ಲ. ವಿಮಾನದ ದಿನಾಂಕವನ್ನು ಗಿರಾಕಿಗಳಿಗೆ ಹೇಳಬೇಡಿ. ಕೇಳಿದರೆ "ಈ ತಿಂಗಳ ಕೊನೆಗೆ ಕೊಡಬಹುದು" ಅಂದರೆ ಸಾಕು, ಅದು ಸುಳ್ಳೂ ಅಲ್ಲ.

ಮಾರಿದ ದಿನ ಮಾಡಬೇಕಾದ ಕೆಲಸ ಅರ್ಧ ಗಂಟೆಯದ್ದು, ಆದರೆ ಅಲ್ಲೇ ಜನ ಎಡವುತ್ತಾರೆ. ರಸೀದಿ ಎರಡು ಪ್ರತಿ: ಇಬ್ಬರ ಹೆಸರು, ಲೈಸೆನ್ಸ್ ನಂಬರ್, ಚಾಸಿಸ್ ನಂಬರ್, ಕಿಲೋಮೀಟರ್, ಬೆಲೆ, ದಿನಾಂಕ, ಗಂಟೆ. ಗಂಟೆ ಬರೆಯುವುದು ಮುಖ್ಯ, ಅದೇ ಸಂಜೆ ಅವರು ಕ್ಯಾಮೆರಾಕ್ಕೆ ಸಿಕ್ಕಿಬೀಳಬಹುದು. ರಿಜಿಸ್ಟ್ರೇಷನ್ ಪತ್ರದಲ್ಲಿ ಸಹಿ. ಅವರು ಇನ್ನೂ ನಿಮ್ಮ ಎದುರಿಗೆ ಇರುವಾಗಲೇ ರಾಜ್ಯ ಸರ್ಕಾರದ ಸರ್ವಿಸ್ ಎನ್‌ಎಸ್‌ಡಬ್ಲ್ಯೂ ವೆಬ್‌ಸೈಟ್‌ನಲ್ಲಿ ಗಾಡಿ ಮಾರಿದ ನೋಟಿಸ್ ಹಾಕಿ, ಬಂದ ರಸೀದಿ ನಂಬರಿನ ಫೋಟೋ ಇಟ್ಟುಕೊಳ್ಳಿ. "ಹೊಸಬರು ವರ್ಗಾವಣೆ ಮಾಡಿಸಿಕೊಳ್ಳುತ್ತಾರಲ್ಲ" ಅಂತ ಬಿಡಬೇಡಿ. ಗಾಜಿನ ಮೇಲಿನ ಟೋಲ್ ಟ್ಯಾಗ್ ಕಿತ್ತು, ಟೋಲ್ ಖಾತೆಯಿಂದ ಗಾಡಿ ನಂಬರ್ ತೆಗೆಯಿರಿ. ಇದನ್ನು ಮರೆತ ಮಂಡ್ಯದ ಹುಡುಗನೊಬ್ಬ ಊರಿಗೆ ಹೋಗಿ ಎರಡು ತಿಂಗಳು, ಬೇರೆಯವರು ಹಾರ್ಬರ್ ಬ್ರಿಡ್ಜ್ ದಾಟಿದ್ದಕ್ಕೆಲ್ಲಾ ದುಡ್ಡು ಕಟ್ಟಿದ. ಗಾಡಿಗೆ ಬೇರೆ ವಿಮೆ ಮಾಡಿಸಿದ್ದರೆ ನಿಲ್ಲಿಸಿ, ಉಳಿದದ್ದು ವಾಪಸ್ ಕೇಳಿ. ಬ್ಯಾಂಕ್ ಖಾತೆಯನ್ನು ಹೊರಡುವಾಗ ಮುಚ್ಚಬೇಡಿ. ಕೆಲಸ ಮಾಡಿದ್ದರೆ ಸೂಪರ್ ದುಡ್ಡನ್ನು (ಕೆಲಸ ಕೊಟ್ಟವರು ನಿವೃತ್ತಿಗೆ ಅಂತ ಕಟ್ಟುವುದು, ನಮ್ಮ ಪಿಎಫ್ ಥರ) ದೇಶ ಬಿಟ್ಟು, ವೀಸಾ ಮುಗಿದ ಮೇಲೆಯೇ ಕೇಳಲು ಆಗುವುದು.

ಕೊನೆಗೆ, ನೀವು ಕೇಳದೇ ಇರುವ ಒಂದು ಸಣ್ಣ ವಿಷಯ. ಪರದೆ, ಹಾಸಿಗೆ ಬಟ್ಟೆ ಎಲ್ಲಾ ಬಿಚ್ಚಿ ಲಾಂಡ್ರಿಗೆ ಹಾಕಿ. ಹನ್ನೊಂದು ತಿಂಗಳು ನಮ್ಮ ಅಡುಗೆ ಮಾಡಿದ ವ್ಯಾನಿನಲ್ಲಿ ಇಂಗು, ಸಾಸಿವೆ ಒಗ್ಗರಣೆಯ ಘಮ ಬಟ್ಟೆಗೆ ಹಿಡಿದಿರುತ್ತದೆ. ನಮಗೆ ಗೊತ್ತಾಗುವುದಿಲ್ಲ, ಬಾಗಿಲು ತೆಗೆದ ಹೊಸಬರಿಗೆ ಗೊತ್ತಾಗುತ್ತದೆ. ಎರಡು ದಿನ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ. ಪಾತ್ರೆ, ತಟ್ಟೆ, ಕ್ಯಾಂಪಿಂಗ್ ಕುರ್ಚಿ ಗಾಡಿ ಜೊತೆಗೇ ಬಿಡಿ, ಹೊಸದಾಗಿ ಬಂದವರಿಗೆ ಅದು ತುಂಬಾ ಉಪಯೋಗ. ಕುಕ್ಕರ್ ಇದ್ದರೆ ಮಾತ್ರ ಊರಿಗೆ ತಗೊಂಡು ಹೋಗಿ, ಅದರ ಬೆಲೆ ಇಲ್ಲಿಯವರಿಗೆ ಗೊತ್ತಾಗುವುದಿಲ್ಲ.